ಅಯಾನುಗೋಳದ ಹೊರಹರಿವು

ಅಯಾನುಗೋಳದ ಹೊರಹರಿವು ಎಂದರೆ ಭೂಮಿಯ ಮೇಲ್ವಾಯುಮಂಡಲದ ಅಯಾನುಗಳು ಧ್ರುವಪ್ರದೇಶಗಳಿಂದ ಮೇಲೇರಿ, ಕಾಂತಕ್ಷೇತ್ರ ರೇಖೆಗಳ ಗುಂಟ ಕಾಂತಗೋಳವನ್ನು ಸೇರುವ ಪ್ರಕ್ರಿಯೆ. ಇವುಗಳಲ್ಲಿ ಒಂದು ಭಾಗವು ಸೂರ್ಯನಿಗೆ ವಿರುದ್ಧ ದಿಕ್ಕಿನಲ್ಲಿ ಚಾಚಿರುವ ಕಾಂತಬಾಲವನ್ನು ತಲುಪುತ್ತದೆ. ಕಾಂತಗೋಳದ ಪ್ಲಾಸ್ಮಾದಲ್ಲಿ ಸೌರಮಾರುತದ ಪಾಲೆಷ್ಟು, ಭೂಮಿಯ ಪಾಲೆಷ್ಟು ಎಂಬುದು ಈ ಅಧ್ಯಯನದ ಮುಖ್ಯ ಪ್ರಶ್ನೆಯಾಗಿದೆ.

ಕಾರಣಗಳು

ಸೂರ್ಯನ ಬೆಳಕಿನಿಂದ ಬಿಡುಗಡೆಯಾದ ಹಗುರ ಎಲೆಕ್ಟ್ರಾನುಗಳು ಮೇಲಕ್ಕೆ ಚದುರಲು ಯತ್ನಿಸುತ್ತವೆ. ಭಾರವಾದ ಅಯಾನುಗಳು ಹಿಂದುಳಿಯುತ್ತವೆ. ಇದರಿಂದ ಉಂಟಾಗುವ ದುರ್ಬಲ ವಿದ್ಯುತ್ ಕ್ಷೇತ್ರವು ಅಯಾನುಗಳನ್ನು ಮೇಲಕ್ಕೆಳೆಯುತ್ತದೆ. 1968ರಲ್ಲಿ ಇಯಾನ್ ಆಕ್ಸ್‌ಫರ್ಡ್ ಈ ಹರಿವಿಗೆ ‘ಧ್ರುವಮಾರುತ’ ಎಂಬ ಹೆಸರನ್ನಿತ್ತರು. ಅದೇ ವರ್ಷ ಬ್ಯಾಂಕ್ಸ್ ಮತ್ತು ಹೋಲ್ಜರ್ ಇದರ ಗಣಿತೀಯ ಮಾದರಿಯನ್ನು ಪ್ರಕಟಿಸಿದರು. 2022ರ ಮೇ 11ರಂದು ಸ್ವಾಲ್‌ಬಾರ್ಡ್‌ನಿಂದ ಹಾರಿಸಲಾದ ಎಂಡ್ಯೂರೆನ್ಸ್ ರಾಕೆಟ್, 248ರಿಂದ 768 ಕಿ.ಮೀ. ಎತ್ತರದ ನಡುವೆ 0.55 ವೋಲ್ಟ್ ವಿಭವಾಂತರವನ್ನು ಅಳೆಯಿತು. ಜಲಜನಕದ ಅಯಾನುಗಳು ಗುರುತ್ವವನ್ನು ಮೀರಲು ಇಷ್ಟು ಕ್ಷೇತ್ರ ಸಾಕು. ಅದಕ್ಕಿಂತ ಸುಮಾರು 16 ಪಟ್ಟು ಭಾರವಾದ ಆಮ್ಲಜನಕದ ಅಯಾನು ಪಾರಾಗಲು ಸುಮಾರು 10 ಎಲೆಕ್ಟ್ರಾನ್ ವೋಲ್ಟ್ ಶಕ್ತಿ ಬೇಕು. ಧ್ರುವಪ್ರಭೆಯ ವಲಯದಲ್ಲಿ ಪ್ಲಾಸ್ಮಾ ಅಲೆಗಳು ಈ ಹೆಚ್ಚುವರಿ ಶಕ್ತಿಯನ್ನು ಒದಗಿಸುತ್ತವೆ.

ವೀಕ್ಷಣೆ

1972ರಲ್ಲಿ ಪ್ರಕಟವಾದ ಉಪಗ್ರಹ ಮಾಪನಗಳು ಕಾಂತಗೋಳದಲ್ಲಿ ಏಕಾವೇಶದ ಆಮ್ಲಜನಕ ಅಯಾನುಗಳಿರುವುದನ್ನು ತೋರಿಸಿದವು. ಸೌರಮಾರುತದ ಆಮ್ಲಜನಕವು ಹಲವು ಎಲೆಕ್ಟ್ರಾನುಗಳನ್ನು ಕಳೆದುಕೊಂಡಿರುವುದರಿಂದ, ಈ ಅಯಾನುಗಳ ಮೂಲ ಭೂಮಿಯೇ ಎಂದು ತಿಳಿಯಿತು. 1987ರಲ್ಲಿ ಚಾಪೆಲ್ ಮತ್ತು ಸಹೋದ್ಯೋಗಿಗಳು ಕಾಂತಗೋಳಕ್ಕೆ ಪ್ಲಾಸ್ಮಾ ಒದಗಿಸಲು ಅಯಾನುಗೋಳವೊಂದೇ ಸಾಲಬಹುದೆಂದು ವಾದಿಸಿದರು.

ಆದರೆ ವಿರಳ ಪ್ಲಾಸ್ಮಾದಲ್ಲಿ ಬಿಸಿಲಿಗೆ ಒಡ್ಡಿದ ನೌಕೆಯು ಧನಾವೇಶ ಪಡೆದು, ಕಡಿಮೆ ಶಕ್ತಿಯ ‘ಶೀತ’ ಅಯಾನುಗಳನ್ನು ವಿಕರ್ಷಿಸುತ್ತದೆ. ಹೀಗಾಗಿ ಅವು ಉಪಕರಣವನ್ನು ತಲುಪುವುದೇ ಇಲ್ಲ. ಕ್ಲಸ್ಟರ್ ನೌಕೆಗಳ ಸಂಶೋಧಕರು ಇದಕ್ಕೆ ಪರೋಕ್ಷ ಮಾರ್ಗ ಕಂಡುಕೊಂಡರು. ಅಯಾನು ಹರಿವು ನೌಕೆಯ ಹಿಂದೆ ಅಯಾನುರಹಿತ ನೆರಳನ್ನು ಉಂಟುಮಾಡುತ್ತದೆ. ಅದರೊಳಗೆ ಎಲೆಕ್ಟ್ರಾನುಗಳು ತುಂಬಿಕೊಂಡು ಸ್ಥಳೀಯ ವಿದ್ಯುತ್ ಕ್ಷೇತ್ರ ಮೂಡುತ್ತದೆ. ಎರಡು ಬಗೆಯ ವಿದ್ಯುತ್ ಕ್ಷೇತ್ರ ಮಾಪಕಗಳ ಫಲಿತಾಂಶಗಳ ವ್ಯತ್ಯಾಸದಿಂದ ಹರಿವಿನ ವೇಗವನ್ನು ಲೆಕ್ಕಹಾಕಲಾಯಿತು. 2009ರಲ್ಲಿ ಪ್ರಕಟವಾದ ಅಂದಾಜಿನಂತೆ ಈ ಹೊರಹರಿವು ಸೆಕೆಂಡಿಗೆ ಸುಮಾರು 10²⁶ ಅಯಾನುಗಳು.

ಮಾದರಿಗಳು

ಕ್ಷೇತ್ರರೇಖೆಯ ಗುಂಟ ದ್ರವಚಲನ ಸಮೀಕರಣಗಳನ್ನು ಬಿಡಿಸುವುದು, ಒಂದೊಂದೇ ಅಯಾನಿನ ಪಥವನ್ನು ಗುರುತಿಸುವುದು, ಇಡೀ ಕಾಂತಗೋಳದ ಬಹುದ್ರವ ಕಾಂತದ್ರವಚಲನ ಮಾದರಿಯನ್ನು ರಚಿಸುವುದು – ಇವು ಪ್ರಮುಖ ವಿಧಾನಗಳು. ಅಯಾನುಗಳು ಸಾಗುತ್ತಿರುವಾಗಲೇ ಕ್ಷೇತ್ರರೇಖೆಗಳು ಬಾಲದ ಮಧ್ಯಭಾಗದತ್ತ ಸರಿಯುತ್ತವೆ. ಆದುದರಿಂದ ನಿಧಾನಗತಿಯ ಅಯಾನುಗಳು ಭೂಮಿಗೆ ಸಮೀಪದಲ್ಲಿಯೂ ವೇಗದವು ದೂರದಲ್ಲಿಯೂ ಪ್ಲಾಸ್ಮಾ ಹಾಳೆಯನ್ನು ಸೇರುತ್ತವೆ. ಬಹುದೂರ ಸಾಗಿದವು ಅಂತರಗ್ರಹ ಆಕಾಶಕ್ಕೆ ನಷ್ಟವಾಗುತ್ತವೆ. ಸಮೀಪದಲ್ಲಿ ಸಿಲುಕಿದವು ಶಕ್ತಿ ಪಡೆದು ಭೂಮಿಯತ್ತ ಮರಳಿ, ವರ್ತುಲ ವಿದ್ಯುತ್ಪ್ರವಾಹವನ್ನು ಬಲಪಡಿಸುತ್ತವೆ. ತೀವ್ರ ಭೂಕಾಂತ ಬಿರುಗಾಳಿಗಳಲ್ಲಿ ಈ ಪ್ರವಾಹದೊಳಗಿನ ಆಮ್ಲಜನಕದ ಪಾಲು ಜಲಜನಕದ ಪಾಲನ್ನೂ ಮೀರಬಹುದು. ಬಿರುಗಾಳಿಯ ತೀವ್ರತೆಯನ್ನು ಮುನ್ಸೂಚಿಸುವ ಮಾದರಿಗಳು ಈ ಕಾರಣದಿಂದ ಸೌರಮಾರುತದ ಜೊತೆಗೆ ಅಯಾನುಗೋಳದ ಹೊರಹರಿವನ್ನೂ ಪರಿಗಣಿಸಬೇಕಾಗುತ್ತದೆ.