ಗೋಡೆ ಮೇಲಿನ 'ನರ್ಸಿಂಗ್ ಅಸಿಸ್ಟೆಂಟ್' ಎಲ್ಲಿಂದ ಬಂದಳು?

ಬ್ಯಾಡಗಿಯಲ್ಲಿ ಮೆಣಸಿನಕಾಯಿ ತೊಟ್ಟು ಬಿಡಿಸುವ ಕಡೆ ಸುದ್ದಿಗೆಂದು ಹೋಗಿದ್ದೆ. ಒಬ್ಬ ಅಕ್ಕ ಕೈ ನಿಲ್ಲಿಸದೆ ಕೇಳಿದರು. "ಅಣ್ಣಾರ, ನೀವು ಪೇಪರಿನ್ಯಾಗ ಬರೀತೀರಿ. ನನ್ನ ಮಗಳನ್ನ ನರ್ಸ್ ಟ್ರೈನಿಂಗಿಗೆ ಹಚ್ಚಬೇಕು ಅಂತ ಮಾಡೀನ್ರಿ. ಒಬ್ಬರು ಆರು ತಿಂಗಳು ಅಂತಾರ, ಒಬ್ಬರು ಒಂದು ವರ್ಷ ಅಂತಾರ, ಇನ್ನೊಬ್ಬರು ಎರಡು ವರ್ಷ ಅಂತಾರ. ಯಾವ್ದು ಖರೇ?"

ಅವರ ಕೂಲಿ ಕಿಲೋ ಲೆಕ್ಕದ್ದು. ಮಾತಾಡುತ್ತ ನಿಂತರೆ ಅವರಿಗೆ ನಷ್ಟ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ. ರಾಣೆಬೆನ್ನೂರು, ಹಾವೇರಿ, ಬ್ಯಾಡಗಿಯಲ್ಲಿ ಎಸ್ಸೆಸ್ಸೆಲ್ಸಿ, ಪಿಯುಸಿ ರಿಸಲ್ಟ್ ಬಂದ ಕೂಡಲೇ ಇದೇ ಪ್ರಶ್ನೆ ಕೇಳುವ ಮನೆಗಳು ಬಹಳ ಇವೆ.

ಕೋರ್ಸಿನ ಹೆಸರುಗಳು ಒಂದರಂತೆ ಇನ್ನೊಂದು ಕೇಳಿಸುತ್ತವೆ. ಆದರೆ ಅವು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆ ಕೆಲಸಕ್ಕಾಗಿ ಹುಟ್ಟಿದವು. ಆ ಕಥೆ ಗೊತ್ತಾದರೆ ಗೋಡೆಗೆ ಅಂಟಿಸಿದ ಜಾಹೀರಾತು ಓದುವ ರೀತಿಯೇ ಬದಲಾಗುತ್ತದೆ.

ನಮ್ಮ ಅಜ್ಜಿಯರ ಕಾಲದಲ್ಲಿ ರೋಗಿಯ ಆರೈಕೆ ಮನೆಯವರದು, ಹೆರಿಗೆ ಸೂಲಗಿತ್ತಿಯದು. ಪಾವಗಡದ ಸೂಲಗಿತ್ತಿ ನರಸಮ್ಮ ಅವರಿಗೆ 2018ರಲ್ಲಿ ಪದ್ಮಶ್ರೀ ಬಂದಾಗ ನಮ್ಮಲ್ಲಿ ಎಷ್ಟೋ ಜನ ತಮ್ಮೂರಿನ ಸೂಲಗಿತ್ತಿಯನ್ನು ನೆನೆಸಿಕೊಂಡರು. ಆದರೆ ಆ ಹೆಣ್ಣುಮಕ್ಕಳ ಹೆಸರು ಯಾವ ಸರ್ಕಾರಿ ಪುಸ್ತಕದಲ್ಲೂ ಇರಲಿಲ್ಲ. ಈ 'ಪುಸ್ತಕದಲ್ಲಿ ಹೆಸರು' ಎಂಬ ಮಾತನ್ನು ನೆನಪಿಡಿ. ಮುಂದಿನ ಕಥೆಯೆಲ್ಲ ಅದರ ಮೇಲೆಯೇ ನಿಂತಿದೆ.

ಆಗ ನಮ್ಮ ಮೂರೂ ಊರು ಮುಂಬೈ ಪ್ರಾಂತ್ಯದ ಧಾರವಾಡ ಜಿಲ್ಲೆಯಲ್ಲಿದ್ದವು. ನರ್ಸ್ ಮತ್ತು ಸೂಲಗಿತ್ತಿಯರ ನೋಂದಣಿಗೆ ಮುಂಬೈ ಸರ್ಕಾರ 1935ರಲ್ಲಿ ಕಾನೂನು ತಂದಿತು. ತರಬೇತಿ ಪಡೆದವರ ಹೆಸರು ದಾಖಲೆಯಲ್ಲಿರಬೇಕು ಎಂಬುದು ಅದರ ಉದ್ದೇಶ. ಆದರೆ ತರಬೇತಿ ಪಡೆದವರೇ ಎಷ್ಟಿದ್ದರು? 1946ರ ಭೋರ್ ಸಮಿತಿ ವರದಿಯ ಪ್ರಕಾರ ಇಡೀ ಬ್ರಿಟಿಷ್ ಭಾರತದಲ್ಲಿ ಇದ್ದ ನರ್ಸ್‌ಗಳು ಸುಮಾರು 7,000. ಅಂದರೆ 43,000 ಜನಕ್ಕೆ ಒಬ್ಬ ನರ್ಸ್.

ದೇಶ ಸ್ವತಂತ್ರವಾದ ವರ್ಷವೇ, 1947ರಲ್ಲಿ, ಭಾರತೀಯ ನರ್ಸಿಂಗ್ ಕೌನ್ಸಿಲ್ ಕಾಯ್ದೆ ಬಂತು. ಆದರೆ ಕಾಯ್ದೆ ಮಾಡಿದ ಮಾತ್ರಕ್ಕೆ ನರ್ಸ್‌ಗಳು ಹುಟ್ಟುವುದಿಲ್ಲವಲ್ಲ. ಪೂರ್ಣ ತರಬೇತಿಗೆ ವರ್ಷಗಳು ಬೇಕು, ಹಣ ಬೇಕು, ಓದಿದ ಹುಡುಗಿಯರು ಬೇಕು. ಹಾಗಾಗಿ ಸಣ್ಣ ಅವಧಿಯಲ್ಲಿ ಕಲಿತು ನರ್ಸ್‌ಗೂ ಹೆರಿಗೆಗೂ ನೆರವಾಗುವ ಸಹಾಯಕಿಯರನ್ನು ತಯಾರು ಮಾಡುವ ಯೋಚನೆ ಬಂತು. 1951ರಲ್ಲಿ ಪಂಜಾಬಿನ ತರನ್ ತಾರನ್‌ನ ಸೇಂಟ್ ಮೇರಿಸ್ ಆಸ್ಪತ್ರೆಯಲ್ಲಿ ಎರಡು ವರ್ಷದ ಆ ಕೋರ್ಸು ಶುರುವಾಯಿತು. ಅದೇ ಎಎನ್‌ಎಂ, ಆಕ್ಸಿಲರಿ ನರ್ಸ್ ಮಿಡ್‌ವೈಫ್. ಆಕ್ಸಿಲರಿ ಅಂದರೆ ಸಹಾಯಕ. ನಿಜ ಹೇಳಬೇಕೆಂದರೆ ದೇಶದ ಮೊದಲ 'ನರ್ಸಿಂಗ್ ಅಸಿಸ್ಟೆಂಟ್' ಇವಳೇ.

1956ರಲ್ಲಿ ಧಾರವಾಡ ಜಿಲ್ಲೆ ಮೈಸೂರು ರಾಜ್ಯಕ್ಕೆ ಸೇರಿತು. 1961ರಲ್ಲಿ ಈ ರಾಜ್ಯದ್ದೇ ನರ್ಸ್ ಮತ್ತು ಸೂಲಗಿತ್ತಿಯರ ಕಾಯ್ದೆ ಬಂತು. ಇವತ್ತಿನ ಕರ್ನಾಟಕ ರಾಜ್ಯ ನರ್ಸಿಂಗ್ ಕೌನ್ಸಿಲ್ ನೋಂದಣಿ ನಡೆಯುವುದು ಅದರ ಮೇಲೆ.

ಕಥೆ ತಿರುಗಿದ್ದು 1973ರಲ್ಲಿ. ಆ ವರ್ಷ ಕರ್ತಾರ್ ಸಿಂಗ್ ಸಮಿತಿ ವರದಿ ಕೊಟ್ಟಿತು. ಮಲೇರಿಯಾಕ್ಕೆ ಒಬ್ಬರು, ಸಿಡುಬಿಗೆ ಒಬ್ಬರು, ಕುಟುಂಬ ಯೋಜನೆಗೆ ಒಬ್ಬರು ಎಂದು ಹಳ್ಳಿಗೆ ಬರುವ ಬದಲು ಎಲ್ಲ ಕೆಲಸವನ್ನೂ ಒಬ್ಬರೇ ನೋಡಲಿ ಎಂದಿತು. ಎಎನ್‌ಎಂ ಆಗ ಮಹಿಳಾ ಆರೋಗ್ಯ ಕಾರ್ಯಕರ್ತೆಯಾದಳು. 1977ರಲ್ಲಿ ಕೋರ್ಸು ಒಂದೂವರೆ ವರ್ಷಕ್ಕೆ ಇಳಿಯಿತು. ಅವಳು ವಾರ್ಡು ಬಿಟ್ಟು ಉಪಕೇಂದ್ರಕ್ಕೆ ಬಂದಳು. ನಾವು ಸಣ್ಣವರಿದ್ದಾಗ ಲಸಿಕೆ ಡಬ್ಬಿ ಹೆಗಲಿಗೆ ಹಾಕಿಕೊಂಡು ಓಣಿ ಓಣಿ ತಿರುಗುತ್ತಿದ್ದ 'ನರ್ಸಬಾಯಿ' ಇವಳೇ. ಅವಳನ್ನು ಕಂಡರೆ ನಾನು ಕಣಜದ ಹಿಂದೆ ಅಡಗುತ್ತಿದ್ದೆ, ಅದು ಬೇರೆ ಮಾತು.

ಹಳ್ಳಿಗೆ ಇದರಿಂದ ಬಹಳ ಒಳ್ಳೆಯದಾಯಿತು. ಆದರೆ ವಾರ್ಡಿನಲ್ಲಿ ಅವಳು ಬಿಟ್ಟ ಜಾಗ ಏನಾಯಿತು? ರೋಗಿಯ ಮಗ್ಗಲು ಬದಲಿಸುವುದು, ಮೈ ಒರೆಸುವುದು, ಬೆಡ್‌ಪ್ಯಾನ್ ಕೊಡುವುದು, ಊಟ ಮಾಡಿಸುವುದು, ಗಾಲಿ ಕುರ್ಚಿಯಲ್ಲಿ ಎಕ್ಸ್‌ರೇಗೆ ಒಯ್ಯುವುದು. ಈ ಕೆಲಸ ಆಯಾಗಳಿಗೆ, ವಾರ್ಡ್‌ಬಾಯ್‌ಗಳಿಗೆ ಹೋಯಿತು. ನೋಡಿ ನೋಡಿ ಕಲಿತವರು. ಅವರಿಗೆ ಕೋರ್ಸೂ ಇಲ್ಲ, ಪುಸ್ತಕದಲ್ಲಿ ಹೆಸರೂ ಇಲ್ಲ.

ಊರೂರಲ್ಲಿ ಖಾಸಗಿ ನರ್ಸಿಂಗ್ ಹೋಂಗಳು ಹೆಚ್ಚಿದಂತೆ ಈ ಕೆಲಸಕ್ಕೆ ಕೈಗಳು ಹೆಚ್ಚು ಬೇಕಾದವು. ಆ ಖಾಲಿ ಜಾಗದಲ್ಲೇ ಹುಟ್ಟಿದ್ದು ತಾವೇ ಪ್ರಮಾಣಪತ್ರ ಮುದ್ರಿಸಿ ಕೊಡುವ 'ಒಂದು ವರ್ಷದ ನರ್ಸಿಂಗ್' ಅಂಗಡಿಗಳು. ನನ್ನ ಚಿಕ್ಕಮ್ಮನ ಮಗಳು ಅಂಥದೊಂದರಲ್ಲಿ ಕಲಿತಳು. ಚಿಕ್ಕಮ್ಮ ಒಂದು ಎಮ್ಮೆ ಮಾರಿ ಫೀಸು ಕಟ್ಟಿದ್ದರು. ಬಿಳಿ ಕೋಟು, ಟೋಪಿ, ಗ್ರೂಪ್ ಫೋಟೋ ಎಲ್ಲ ಆಯಿತು. ಸರ್ಕಾರಿ ನೌಕರಿಗೆ ಅರ್ಜಿ ಹಾಕಲು ಹೋದಾಗ ಕೌನ್ಸಿಲ್ ನೋಂದಣಿ ಸಂಖ್ಯೆ ಕೇಳಿದರು. ಅವಳಲ್ಲಿ ಅದು ಇರಲಿಲ್ಲ. ಆ ಪ್ರಮಾಣಪತ್ರ ಇನ್ನೂ ಅವರ ಪಡಸಾಲೆಯಲ್ಲಿ ಕಟ್ಟು ಹಾಕಿಸಿಕೊಂಡು ನೇತಾಡುತ್ತಿದೆ.

ವಾರ್ಡಿನ ಸಹಾಯಕರ ಕೆಲಸಕ್ಕೆ ಸರ್ಕಾರದ ಲೆಕ್ಕದಲ್ಲಿ ಒಂದು ಹೆಸರು ಗಟ್ಟಿಯಾದದ್ದು ಕೌಶಲ ಯೋಜನೆಗಳು ಬಂದ ಮೇಲೆ. ಗ್ರಾಮೀಣ ಬಡ ಯುವಜನರಿಗಾಗಿ 2014ರಲ್ಲಿ ದೀನ್ ದಯಾಳ್ ಉಪಾಧ್ಯಾಯ ಗ್ರಾಮೀಣ ಕೌಶಲ್ಯ ಯೋಜನೆ, 2015ರಲ್ಲಿ ಪ್ರಧಾನಮಂತ್ರಿ ಕೌಶಲ ವಿಕಾಸ ಯೋಜನೆ, 2017ರಲ್ಲಿ ನಮ್ಮ ರಾಜ್ಯದ ಮುಖ್ಯಮಂತ್ರಿ ಕೌಶಲ್ಯ ಕರ್ನಾಟಕ ಯೋಜನೆ. ಇಂಥ ಯೋಜನೆಗಳಲ್ಲಿ ಸಿಗುವ ಕೋರ್ಸಿನ ಹೆಸರು ಜನರಲ್ ಡ್ಯೂಟಿ ಅಸಿಸ್ಟೆಂಟ್, ಜಿಡಿಎ. ಕೆಲವು ತಿಂಗಳಲ್ಲಿ ಮುಗಿಯುತ್ತದೆ, ಯೋಜನೆಯಡಿ ಸೇರಿದರೆ ಫೀಸು ಇಲ್ಲ. ಕೊರೊನಾ ಹೊತ್ತಿಗೆ ಈ ಕೈಗಳ ಬೆಲೆ ಎಲ್ಲರಿಗೂ ಗೊತ್ತಾಯಿತು. 2021ರ ಜೂನ್ 18ರಂದು ಕೇಂದ್ರ ಸರ್ಕಾರ ಒಂದು ಲಕ್ಷ ಜನರಿಗೆ ತ್ವರಿತ ತರಬೇತಿ ಕೊಡುವ ಕಾರ್ಯಕ್ರಮ ಶುರು ಮಾಡಿತು.

ಈಗ ಆ ಅಕ್ಕನ ಪ್ರಶ್ನೆಗೆ ಬರುತ್ತೇನೆ. ಕೆಲವು ತಿಂಗಳದ್ದೂ ಖರೇ, ಎರಡು ವರ್ಷದ್ದೂ ಖರೇ. ಆದರೆ ಅವು ಒಂದೇ ಏಣಿಯ ಎರಡು ಮೆಟ್ಟಿಲಲ್ಲ, ಎರಡು ಬೇರೆ ಏಣಿಗಳು. ಜಿಡಿಎ ಕಲಿತವರು ರೋಗಿಯ ಆರೈಕೆ ಮಾಡುತ್ತಾರೆ, ಇಂಜೆಕ್ಷನ್ ಕೊಡುವುದು ಅವರ ಕೆಲಸವಲ್ಲ. ನರ್ಸಿಂಗ್ ಕೌನ್ಸಿಲ್ ಪುಸ್ತಕದಲ್ಲಿ ಅವರ ಹೆಸರು ಬರುವುದಿಲ್ಲ. ಮುಂದೆ ನರ್ಸ್ ಆಗಬೇಕೆಂದರೆ ಮತ್ತೆ ಮೊದಲ ವರ್ಷದಿಂದಲೇ ಓದಬೇಕು. ಎಎನ್‌ಎಂ ಈಗ ಮತ್ತೆ ಎರಡು ವರ್ಷದ್ದಾಗಿದೆ, ಪಿಯುಸಿ ಆಗಿರಬೇಕು, 17 ತುಂಬಿರಬೇಕು. ಜಿಎನ್‌ಎಂ ಮೂರು ವರ್ಷ, ಬಿಎಸ್ಸಿ ನರ್ಸಿಂಗ್ ನಾಲ್ಕು ವರ್ಷ. ಬಿಎಸ್ಸಿಗೆ ಪಿಯುಸಿಯಲ್ಲಿ ವಿಜ್ಞಾನ ಬೇಕು. ಎಎನ್‌ಎಂ ಮಾಡಿ ನೋಂದಣಿಯಾದವರು ಮುಂದೆ ಜಿಎನ್‌ಎಂಗೆ ಹೋಗಬಹುದು.

ಹತ್ತನೇ ಕ್ಲಾಸಿಗೆ ಓದು ನಿಂತು, ಮನೆಗೆ ಈ ವರ್ಷವೇ ದುಡಿಮೆ ಬೇಕಾದ ಹುಡುಗಿಗೆ ಫೀಸಿಲ್ಲದ ಜಿಡಿಎ ಒಳ್ಳೆಯ ದಾರಿ ಎಂದೇ ನನ್ನ ಅನಿಸಿಕೆ. ನಮ್ಮ ಕಡೆಯವರಿಗೆ ದೊಡ್ಡ ಆಸ್ಪತ್ರೆ ಅಂದರೆ ಹುಬ್ಬಳ್ಳಿ, ಇಲ್ಲದಿದ್ದರೆ ದಾವಣಗೆರೆ. ಹುಬ್ಬಳ್ಳಿಯ ವೈದ್ಯಕೀಯ ಕಾಲೇಜು 1957ರದ್ದು, ದಾವಣಗೆರೆಯ ಜೆಜೆಎಂ 1965ರದ್ದು. ಹಾವೇರಿಯಲ್ಲಿ ವೈದ್ಯಕೀಯ ಕಾಲೇಜು ಶುರುವಾದದ್ದು 2022ರಲ್ಲಿ. ಹಾಗಾಗಿ ಕೋರ್ಸು ಎಲ್ಲಿ ಎನ್ನುವುದಕ್ಕಿಂತ ಪ್ರಾಕ್ಟಿಕಲ್ ಯಾವ ಆಸ್ಪತ್ರೆಯಲ್ಲಿ, ಎಷ್ಟು ಮಂಚದ್ದು ಎಂದು ಕೇಳಬೇಕು. ಮಂಚವೇ ಇಲ್ಲದ ಕಡೆ ಮಗ್ಗಲು ಬದಲಿಸುವುದನ್ನು ಕಲಿಸುವುದು ಹೇಗೆ?

ಮುಂದಿನ ವಾರ ಮತ್ತೆ ಬ್ಯಾಡಗಿಗೆ ಹೋದಾಗ ಇಷ್ಟನ್ನೂ ಆ ಅಕ್ಕನಿಗೆ ಹೇಳಿದೆ. ಅವರ ಮಗಳು ಪಿಯುಸಿ ಕಲಾ ವಿಭಾಗದಲ್ಲಿ ಪಾಸಾಗಿದ್ದಾಳೆ. ನನ್ನೆದುರೇ ಜಾಹೀರಾತಿನ ನಂಬರಿಗೆ ಫೋನ್ ಹಚ್ಚಿ ಕೇಳಿದಳು. "ಸರ್, ಈ ಕೋರ್ಸ್ ಮುಗಿದ ಮ್ಯಾಲೆ ನರ್ಸಿಂಗ್ ಕೌನ್ಸಿಲ್‌ನ್ಯಾಗ ಹೆಸರು ಹತ್ತತೈತ್ರಿ?"

ಆ ಕಡೆಯವರು, "ಅದೆಲ್ಲ ಆಮ್ಯಾಲೆ ನೋಡೂಣು, ಮೊದಲ ಅಡ್ವಾನ್ಸ್ ಕಟ್ಟಿ ಸೀಟ್ ಹಿಡೀರಿ" ಎಂದರು. ಹುಡುಗಿ ಫೋನ್ ಇಟ್ಟು ಅವ್ವನ ಮುಖ ನೋಡಿದಳು. ಅವ್ವ ತೊಟ್ಟು ಬಿಡಿಸುತ್ತಲೇ, "ಆ ಎರಡು ವರ್ಷದ್ದಕ್ಕ ಎಷ್ಟ್ ಬೀಳತೈತಿ, ಕೇಳ್ರಿ ಅಣ್ಣಾರ" ಎಂದರು.