ಮೂರನೆಯ ಪಾಳಿ: ದಾದಿಯರ ಉನ್ನತ ವಿದ್ಯಾಭ್ಯಾಸದ ಇತಿಹಾಸದಲ್ಲಿ ಒಂದು ಪ್ರಶ್ನೆ

ಉದ್ಯೋಗ, ಸಂಸಾರ, ವಿದ್ಯಾಭ್ಯಾಸ ಈ ಮೂರನ್ನೂ ಒಬ್ಬರೇ ಏಕಕಾಲದಲ್ಲಿ ನಿರ್ವಹಿಸುವ ಪ್ರಸಂಗ ಇಂದು ಅಪರೂಪವಾಗಿ ಉಳಿದಿಲ್ಲ. ಆಸ್ಪತ್ರೆಯಲ್ಲಿ ತನ್ನ ಪಾಳಿಯನ್ನು ಮುಗಿಸಿ, ಮನೆಗೆ ಬಂದು ಮಕ್ಕಳಿಗೆ ಉಣ್ಣಿಸಿ ಮಲಗಿಸಿ, ಅನಂತರ ಗಣಕಯಂತ್ರದ ಮುಂದೆ ಕುಳಿತು ಸ್ನಾತಕೋತ್ತರ ಪದವಿಗಾಗಿ ಓದುವ ದಾದಿ ಅನೇಕ ದೇಶಗಳಲ್ಲಿ ಪರಿಚಿತ ವ್ಯಕ್ತಿಯಾಗಿದ್ದಾಳೆ. ಆಕೆಗೆ ಸಿಗುವ ಸಲಹೆಗಳೆಲ್ಲ ಸಾಮಾನ್ಯವಾಗಿ ಆಕೆಯ ಸ್ವಂತ ದಕ್ಷತೆಯನ್ನು ಕುರಿತವು: ವೇಳಾಪಟ್ಟಿ ಹಾಕಿಕೊಳ್ಳಬೇಕು, ಬೇಗ ಏಳಬೇಕು, ಹೊತ್ತನ್ನು ಪೋಲು ಮಾಡಬಾರದು. ಈ ಸಲಹೆಗಳು ತಪ್ಪೆಂದು ನಾವು ಹೇಳುವುದಿಲ್ಲ. ಆದರೆ ಇತಿಹಾಸದ ವಿದ್ಯಾರ್ಥಿ ಕೇಳಬೇಕಾದ ಪ್ರಶ್ನೆ ಬೇರೆ. ಓದಿಗೆ ಬೇಕಾದ ಹೊತ್ತನ್ನು ಯಾವ ಯಾವ ಕಾಲದಲ್ಲಿ ಯಾರು ಯಾರು ಒದಗಿಸಿದರು? ಈ ಪ್ರಶ್ನೆಯನ್ನು ಮುಖ್ಯವಾಗಿ ಅಮೆರಿಕ ಸಂಯುಕ್ತ ಸಂಸ್ಥಾನಗಳ ಉದಾಹರಣೆಯಿಂದ ಪರಿಶೀಲಿಸಿ, ಕೊನೆಯಲ್ಲಿ ನಮ್ಮ ದೇಶದ ಸ್ಥಿತಿಯೊಡನೆ ಹೋಲಿಸುವುದು ಈ ಲೇಖನದ ಉದ್ದೇಶ.

೧

೧೮೭೩ರಲ್ಲಿ ಬಾಸ್ಟನ್ ನಗರದಲ್ಲಿ, ಒಂದಕ್ಕೊಂದು ಸಂಬಂಧವಿಲ್ಲದ ಎರಡು ಸಂಸ್ಥೆಗಳು ಹುಟ್ಟಿದವು. ಮೊದಲನೆಯದು ಮ್ಯಾಸಚೂಸೆಟ್ಸ್ ಜನರಲ್ ಆಸ್ಪತ್ರೆಗೆ ಸೇರಿದಂತೆ ಏರ್ಪಟ್ಟ ದಾದಿಯರ ಶಾಲೆ. ಅದೇ ವರ್ಷ ನ್ಯೂಯಾರ್ಕಿನ ಬೆಲ್‌ವ್ಯೂ ಆಸ್ಪತ್ರೆಯಲ್ಲಿಯೂ ನ್ಯೂಹೇವನ್ ನಗರದಲ್ಲಿಯೂ ಇಂಥ ಶಾಲೆಗಳು ತೆರೆದವು. ಇವುಗಳಿಗೆಲ್ಲ ಫ್ಲಾರೆನ್ಸ್ ನೈಟಿಂಗೇಲಳು ೧೮೬೦ರಲ್ಲಿ ಲಂಡನ್ನಿನಲ್ಲಿ ಸ್ಥಾಪಿಸಿದ ಶಾಲೆಯೇ ಆದರ್ಶ. ಈ ಶಾಲೆಗಳಲ್ಲಿ ವಿದ್ಯಾರ್ಥಿನಿಗೆ ಊಟ, ವಸತಿ, ಅಲ್ಪವಾದ ಭತ್ಯೆ ದೊರೆಯುತ್ತಿದ್ದವು. ಅದಕ್ಕೆ ಪ್ರತಿಯಾಗಿ ಆಕೆ ಹಗಲೆಲ್ಲ ರೋಗಿಗಳ ಆರೈಕೆ ಮಾಡಬೇಕು. ಉಪನ್ಯಾಸಗಳು ನಡೆಯುತ್ತಿದ್ದುದು ಬಹುಮಟ್ಟಿಗೆ ದಿನದ ದುಡಿಮೆ ತೀರಿದ ಮೇಲೆ. ವಿವಾಹಿತೆಯರಿಗೆ ಸಾಮಾನ್ಯವಾಗಿ ಪ್ರವೇಶವಿರಲಿಲ್ಲ. ಶಿಕ್ಷಣದ ನಡುವೆ ವಿವಾಹವಾದವಳು ಶಾಲೆಯನ್ನು ಬಿಡಬೇಕಾಗುತ್ತಿತ್ತು. ಎಂದರೆ ಉದ್ಯೋಗವೂ ಓದೂ ಒಂದೇ ಸೂರಿನಡಿ ಕೂಡಿದ್ದವು, ಆದರೆ ಸಂಸಾರವನ್ನು ನಿಯಮವೇ ಹೊರಗಿಟ್ಟಿತ್ತು.

ಎರಡನೆಯದು ಆ್ಯನಾ ಎಲಿಯಟ್ ಟಿಕ್ನರ್ ಎಂಬ ವಿದುಷಿ ಸ್ಥಾಪಿಸಿದ, ಮನೆಯಲ್ಲಿದ್ದೇ ಓದುವ ಸ್ತ್ರೀಯರಿಗೆ ಪ್ರೋತ್ಸಾಹ ಕೊಡುವ ಸಂಘ. ಇತಿಹಾಸ, ಸಾಹಿತ್ಯ, ವಿಜ್ಞಾನ, ಕಲೆ ಮೊದಲಾದ ವಿಷಯಗಳಲ್ಲಿ ಅಂಚೆಯ ಮೂಲಕ ಪಾಠ ಹೇಳುವುದು, ಪುಸ್ತಕಗಳನ್ನು ಎರವಲು ಕಳುಹಿಸುವುದು ಇದರ ಕಾರ್ಯಕ್ರಮ. ಬೋಧಕಿಯರೂ ಸ್ತ್ರೀಯರೇ. ೧೮೯೬ರಲ್ಲಿ ಟಿಕ್ನರ್ ತೀರಿಕೊಂಡ ಮರುವರ್ಷ ಸಂಘವೂ ಮುಕ್ತಾಯವಾಯಿತು. ಅಷ್ಟರೊಳಗೆ ಏಳು ಸಾವಿರಕ್ಕೂ ಮಿಕ್ಕ ಮಹಿಳೆಯರು ಅದರಲ್ಲಿ ಓದಿದ್ದರು. ಇಲ್ಲಿ ಸಂಸಾರವೂ ಓದೂ ಕೂಡಿದವು. ಆದರೆ ಪದವಿಯಿರಲಿಲ್ಲ, ಉದ್ಯೋಗಕ್ಕೆ ದಾರಿಯೂ ಇರಲಿಲ್ಲ.

ಒಂದೇ ಊರಿನಲ್ಲಿ ಒಂದೇ ವರ್ಷ ಹುಟ್ಟಿದ ಈ ಎರಡು ಕ್ರಮಗಳು ಪರಸ್ಪರ ಸಂಧಿಸುವುದಕ್ಕೆ ಸುಮಾರು ನೂರು ವರ್ಷಗಳು ಹಿಡಿದವು. ಈ ವಿಳಂಬಕ್ಕೆ ಕಾರಣವೇನೆಂಬುದನ್ನು ನೋಡಬೇಕು.

೨

ತರಗತಿಗೆ ಬಾರದ ವಿದ್ಯಾರ್ಥಿಗೂ ಪದವಿ ಕೊಡಬಹುದೆಂಬ ತತ್ತ್ವವನ್ನು ಲಂಡನ್ ವಿಶ್ವವಿದ್ಯಾನಿಲಯ ೧೮೫೮ರಲ್ಲಿಯೇ ಒಪ್ಪಿತ್ತು. ೧೮೭೮ರಲ್ಲಿ ಸ್ತ್ರೀಯರಿಗೂ ಪದವಿಗಳನ್ನು ತೆರೆಯಿತು. ಅಮೆರಿಕದಲ್ಲಿ ಚಿಕಾಗೋ ವಿಶ್ವವಿದ್ಯಾನಿಲಯ ೧೮೯೨ರಲ್ಲಿ ತನ್ನ ಬಾಗಿಲು ತೆರೆದಾಗಲೇ ಅಂಚೆ ಶಿಕ್ಷಣಕ್ಕೂ ಸ್ಥಾನ ಕೊಟ್ಟಿತು. ಆದುದರಿಂದ ತತ್ತ್ವವೂ ಸಾಧನವೂ ಇಲ್ಲದಿರಲಿಲ್ಲ. ಅಡ್ಡಿಯಾದದ್ದು ಶುಶ್ರೂಷೆಯೆಂಬ ವಿದ್ಯೆಯ ಸ್ವಭಾವ. ಇಪ್ಪತ್ತನೆಯ ಶತಮಾನದ ಆದಿಯಲ್ಲಿ ನ್ಯೂಯಾರ್ಕ್ ಸಂಸ್ಥಾನದ ಜೇಮ್ಸ್‌ಟೌನ್ ಎಂಬ ಊರಿನ ಶಾಲೆಯೊಂದು ಅಂಚೆಯ ಮೂಲಕ ದಾದಿಯರನ್ನು ತಯಾರುಮಾಡತೊಡಗಿದಾಗ ವೃತ್ತಿಯ ಮುಂದಾಳುಗಳು ಅದನ್ನು ಪ್ರಬಲವಾಗಿ ವಿರೋಧಿಸಿದರು. ಗಾಯ ಕಟ್ಟುವುದನ್ನೂ ನಾಡಿ ನೋಡುವುದನ್ನೂ ರೋಗಿಯ ಹಾಸಿಗೆಯ ಬಳಿಯಲ್ಲೇ ಕಲಿಯಬೇಕು ಎಂಬ ಅವರ ವಾದ ನ್ಯಾಯವಾದುದೇ ಆಗಿತ್ತು.

ಆದರೆ ಹಾಸಿಗೆಯ ಬಳಿಯ ಶಾಲೆಯಲ್ಲಾದರೂ ಓದು ಸರಿಯಾಗಿ ನಡೆಯುತ್ತಿತ್ತೇ? ೧೯೨೩ರಲ್ಲಿ ಪ್ರಕಟವಾದ ಗೋಲ್ಡ್‌ಮಾರ್ಕ್ ವರದಿ ಈ ಪ್ರಶ್ನೆಗೆ ನಿಷ್ಠುರವಾದ ಉತ್ತರ ಕೊಟ್ಟಿತು. ಆಸ್ಪತ್ರೆಯ ಅಗತ್ಯಕ್ಕೂ ಪಾಠದ ಅಗತ್ಯಕ್ಕೂ ಘರ್ಷಣೆಯಾದಾಗಲೆಲ್ಲ ಸೋಲುತ್ತಿದ್ದುದು ಪಾಠವೇ. ಅಂಚೆಯ ಶಾಲೆಯಲ್ಲಿ ರೋಗಿಯಿಲ್ಲ; ಆಸ್ಪತ್ರೆಯ ಶಾಲೆಯಲ್ಲಿ ಹೊತ್ತಿಲ್ಲ. ಮುಂದಿನ ಇತಿಹಾಸವೆಲ್ಲ ಈ ಎರಡು ಕೊರತೆಗಳ ನಡುವೆ ದಾರಿ ಹುಡುಕಿದ ಇತಿಹಾಸವೆಂದರೆ ತಪ್ಪಾಗಲಾರದು.

ದಾದಿಯರ ಶಿಕ್ಷಣವನ್ನು ವಿಶ್ವವಿದ್ಯಾನಿಲಯಕ್ಕೆ ಒಯ್ಯುವ ಕೆಲಸ ಇದಕ್ಕೆ ಮೊದಲೇ ಆರಂಭವಾಗಿತ್ತು. ಕೊಲಂಬಿಯ ವಿಶ್ವವಿದ್ಯಾನಿಲಯದ ಟೀಚರ್ಸ್ ಕಾಲೇಜಿನಲ್ಲಿ ೧೮೯೯ರಲ್ಲಿ ದಾದಿಯರಿಗೆ ವಿಶೇಷ ತರಗತಿ ಏರ್ಪಟ್ಟಿತು. ೧೯೦೭ರಲ್ಲಿ ಅಡಿಲೇಡ್ ನಟಿಂಗ್ ಅಲ್ಲಿ ಪ್ರಾಧ್ಯಾಪಿಕೆಯಾದಳು. ೧೯೨೩ರಲ್ಲಿ ಯೇಲ್ ವಿಶ್ವವಿದ್ಯಾನಿಲಯದ ಶುಶ್ರೂಷಾ ಶಾಲೆ ತೆರೆಯಿತು. ೧೯೬೫ರಲ್ಲಿ ಅಮೆರಿಕದ ದಾದಿಯರ ಸಂಘ, ಈ ಶಿಕ್ಷಣವೆಲ್ಲ ಉನ್ನತ ವಿದ್ಯಾಸಂಸ್ಥೆಗಳಲ್ಲೇ ನಡೆಯಬೇಕೆಂದು ತನ್ನ ನಿಲುವನ್ನು ಸಾರಿತು. ವೃತ್ತಿಯ ಗೌರವಕ್ಕೆ ಇದು ಅವಶ್ಯವಾಗಿದ್ದಿರಬಹುದು. ಆದರೆ ಆಗಲೇ ಆಸ್ಪತ್ರೆಯ ಶಾಲೆಗಳಲ್ಲಿ ಕಲಿತು, ಕೆಲಸದಲ್ಲಿದ್ದು, ಮನೆ ಮಕ್ಕಳನ್ನು ನೋಡಿಕೊಳ್ಳುತ್ತಿದ್ದ ದಾದಿಯರು ಪದವಿಗಾಗಿ ಊರು ಬಿಟ್ಟು ಹೋಗುವುದೆಂತು? ೧೯೭೦ರ ದಶಕದಲ್ಲಿ ನ್ಯೂಯಾರ್ಕ್ ಸಂಸ್ಥಾನ ಬಾಹ್ಯ ಪದವಿಯ ಯೋಜನೆಯಲ್ಲಿ ಶುಶ್ರೂಷೆಯನ್ನೂ ಸೇರಿಸಿ ಒಂದು ಉತ್ತರವನ್ನು ಕೊಟ್ಟಿತು. ಎಲ್ಲಿ ಬೇಕಾದರೂ ಓದಬಹುದು, ಆದರೆ ಕೈಚಳಕವನ್ನು ಆಸ್ಪತ್ರೆಯಲ್ಲಿ ಪರೀಕ್ಷಕರೆದುರು ತೋರಿಸಲೇಬೇಕು.

೩

ಇದಕ್ಕಿಂತ ಪೂರ್ಣವಾದ ಉತ್ತರ ಬಂದದ್ದು ಕೆಂಟಕಿ ಸಂಸ್ಥಾನದ ಬೆಟ್ಟಗಾಡಿನಿಂದ. ಮೇರಿ ಬ್ರೆಕಿನ್‌ರಿಜ್ ೧೯೨೫ರಲ್ಲಿ ಅಲ್ಲಿ ಒಂದು ಸೇವಾಸಂಸ್ಥೆಯನ್ನು ಸ್ಥಾಪಿಸಿದಳು. ರಸ್ತೆಗಳಿಲ್ಲದ ಆ ಪ್ರದೇಶದಲ್ಲಿ ಅದರ ಪ್ರಸೂತಿ ದಾದಿಯರು ಕುದುರೆಯೇರಿ ಮನೆಮನೆಗೆ ಹೋಗುತ್ತಿದ್ದರು. ಅವರಲ್ಲಿ ಅನೇಕರು ಬ್ರಿಟನ್ನಿನವರು. ೧೯೩೯ರಲ್ಲಿ ಯುದ್ಧ ಆರಂಭವಾಗಿ ಅವರು ಸ್ವದೇಶಕ್ಕೆ ಹಿಂದಿರುಗತೊಡಗಿದಾಗ, ಇಲ್ಲಿಯವರನ್ನೇ ತರಬೇತು ಮಾಡಲು ಹೈಡನ್ ಎಂಬ ಊರಿನಲ್ಲಿ ಶಾಲೆಯನ್ನು ತೆರೆಯಬೇಕಾಯಿತು. ಅಲ್ಲಿಂದ ಮುಂದೆ ಅರ್ಧ ಶತಮಾನ ಕಲಿಯಬೇಕೆಂಬವರು ಹೈಡನ್ನಿಗೇ ಬರಬೇಕಾಗಿತ್ತು.

೧೯೮೯ರಲ್ಲಿ ಈ ಕ್ರಮ ತಿರುವುಮುರುವಾಯಿತು. ಹೊಸ ಯೋಜನೆಯಂತೆ ವಿದ್ಯಾರ್ಥಿನಿ ಹೈಡನ್ನಿಗೆ ಕೆಲವು ದಿನಗಳ ಮಟ್ಟಿಗೆ ಬಂದು ಹೋಗುತ್ತಿದ್ದಳು. ಗ್ರಂಥಪಾಠವನ್ನು ತನ್ನ ಮನೆಯಲ್ಲಿ ಓದುತ್ತಾಳೆ. ಹೆರಿಗೆಯ ಪ್ರಾಯೋಗಿಕ ಶಿಕ್ಷಣವನ್ನು ತನ್ನ ಸೀಮೆಯಲ್ಲೇ ಅನುಭವಿ ಮಾರ್ಗದರ್ಶಕಿಯೊಬ್ಬಳ ಕೈಕೆಳಗೆ ಪಡೆಯುತ್ತಾಳೆ. ಗುರುಶಿಷ್ಯರು ಗಣಕಯಂತ್ರದ ಮೂಲಕ ಬರೆದುಕೊಳ್ಳಲು ಮುಂದೆ ಏರ್ಪಟ್ಟ ಸೂಚನಾಫಲಕಕ್ಕೆ ಅವರು ಆಲದಮರದ ಹೆಸರನ್ನಿಟ್ಟುದು ನಮ್ಮ ವಾಚಕರಿಗೆ ಸ್ವಾರಸ್ಯವಾಗಿ ತೋರಬಹುದು. ಇದೇ ಸಂಸ್ಥೆ ೨೦೧೧ರಲ್ಲಿ ವಿಶ್ವವಿದ್ಯಾನಿಲಯವೆಂಬ ಹೆಸರನ್ನು ಪಡೆಯಿತು.

ಈ ಯೋಜನೆಯ ಮಹತ್ತ್ವವೇನು? ಜೇಮ್ಸ್‌ಟೌನಿನ ಶಾಲೆಯ ಮೇಲಿದ್ದ ಆಕ್ಷೇಪ ಇದಕ್ಕೆ ತಾಗುವುದಿಲ್ಲ. ರೋಗಿಯ ಸನ್ನಿಧಿಯನ್ನು ಬಿಡದೆ, ಆ ಸನ್ನಿಧಿಯನ್ನೇ ವಿದ್ಯಾರ್ಥಿನಿಯ ಊರಿನಲ್ಲಿ ಹುಡುಕಿಕೊಟ್ಟುದು ಇದರ ವಿಶೇಷ. ಊರು ಬಿಡದಿದ್ದುದರಿಂದ ಸಂಸಾರ ಒಡೆಯಲಿಲ್ಲ; ಕಲಿತವಳು ಕಲಿತ ಊರಿಗೇ ದಕ್ಕಿದಳು. ೧೮೭೩ರ ಎರಡು ಕ್ರಮಗಳು ಇಲ್ಲಿ ಒಂದಾದವು.

೪

ಹೀಗೆ ದೂರದ ಸಮಸ್ಯೆ ಪರಿಹಾರವಾಯಿತು. ಹೊತ್ತಿನ ಸಮಸ್ಯೆ ಉಳಿಯಿತು. ಅದೇ ೧೯೮೯ರಲ್ಲಿ ಸಮಾಜಶಾಸ್ತ್ರಜ್ಞೆ ಆರ್ಲಿ ಹೋಕ್‌ಶೀಲ್ಡ್ ತನ್ನ ಗ್ರಂಥದಲ್ಲಿ, ದುಡಿಯುವ ಹೆಂಗಸು ಹೊರಗಿನ ಕೆಲಸ ಮುಗಿಸಿ ಮನೆಗೆ ಬಂದೊಡನೆ ಆರಂಭವಾಗುವ ಗೃಹಕೃತ್ಯಕ್ಕೆ ಎರಡನೆಯ ಪಾಳಿಯೆಂದು ಹೆಸರಿಟ್ಟಳು. ೨೦೦೧ರಲ್ಲಿ ಶೆರಿಸ್ ಕ್ರಾಮರೇ, ಅಮೆರಿಕದ ವಿಶ್ವವಿದ್ಯಾನಿಲಯ ಮಹಿಳೆಯರ ಸಂಘದ ಪ್ರತಿಷ್ಠಾನಕ್ಕಾಗಿ ಬರೆದ ವರದಿಯಲ್ಲಿ, ಆನ್‌ಲೈನ್ ಕ್ರಮದಲ್ಲಿ ಓದುವ ಸ್ತ್ರೀಯರ ಓದನ್ನು ಮೂರನೆಯ ಪಾಳಿಯೆಂದು ಕರೆದಳು. ಉದ್ಯೋಗವೂ ಮನೆಗೆಲಸವೂ ತೀರಿದ ಮೇಲೆ ಉಳಿದುದೇ ಓದಿನ ಹೊತ್ತು; ಅನೇಕರಿಗೆ ಅದು ನಿದ್ರೆಯಿಂದ ಕಡಿದುಕೊಂಡ ಹೊತ್ತು.

ದಾದಿಯರ ವಿಷಯದಲ್ಲಿ ಈ ಮಾತು ಅಕ್ಷರಶಃ ಸತ್ಯ. ಅಮೆರಿಕದ ಆಸ್ಪತ್ರೆಗಳಲ್ಲಿ ವಾರಕ್ಕೆ ೧೨ ಗಂಟೆಗಳ ಮೂರು ಪಾಳಿಗಳನ್ನು ಮಾಡುವ ಪದ್ಧತಿ ವ್ಯಾಪಕವಾಗಿದೆ. ಕಾಗದದ ಮೇಲೆ ವಾರದಲ್ಲಿ ನಾಲ್ಕು ದಿನ ಬಿಡುವು ಕಾಣುತ್ತದೆ. ಆದರೆ ರಾತ್ರಿ ಪಾಳಿಯ ಮರುದಿನ ಬಿಡುವಲ್ಲ, ನಿದ್ರೆಯ ಸಾಲ ತೀರಿಸುವ ದಿನ. ಉಳಿದ ದಿನಗಳ ಮೇಲೆ ಮನೆಯ ಹಕ್ಕು ಮೊದಲು. ಅನೇಕ ಆಸ್ಪತ್ರೆಗಳು ಓದುವ ದಾದಿಗೆ ಶುಲ್ಕದ ಹಣವನ್ನು ಹಿಂದಿರುಗಿಸುತ್ತವೆ. ಇದು ಮೆಚ್ಚತಕ್ಕದ್ದು, ಆದರೆ ಹಣ ಕೊಟ್ಟಷ್ಟು ಸುಲಭವಾಗಿ ಅವು ಹೊತ್ತನ್ನು ಕೊಡುವುದಿಲ್ಲ. ೨೦೧೦ರಲ್ಲಿ ಅಲ್ಲಿಯ ವೈದ್ಯವಿಜ್ಞಾನ ಸಂಸ್ಥೆ, ೨೦೨೦ರೊಳಗೆ ದಾದಿಯರಲ್ಲಿ ನೂರಕ್ಕೆ ೮೦ ಮಂದಿ ಪದವೀಧರರಾಗಿರಬೇಕೆಂದು ಶಿಫಾರಸು ಮಾಡಿತು. ಗುರಿಯನ್ನು ಸಂಸ್ಥೆ ಗೊತ್ತುಮಾಡಿತು. ಅದಕ್ಕೆ ತಗಲುವ ಗಂಟೆಗಳ ಬಹುಭಾಗವನ್ನು ತೆತ್ತವರು ದಾದಿಯರೂ ಅವರ ಮನೆಯವರೂ. ತಾಯಿ ಓದುವಾಗ ಮಗುವನ್ನು ಎತ್ತಿಕೊಂಡ ಅಜ್ಜಿಯ ಹೆಸರು, ಅಡಿಗೆಗೆ ನಿಂತ ಗಂಡನ ಹೆಸರು ಪದವಿಪತ್ರದಲ್ಲಿ ಇರುವುದಿಲ್ಲ.

ದೂರಶಿಕ್ಷಣದಿಂದ ಪ್ರಯೋಜನವಾಗಲಿಲ್ಲವೆಂದು ಇದರಿಂದ ತೀರ್ಮಾನಿಸಬಾರದು. ಅದಿಲ್ಲದಿದ್ದರೆ ಬಹುಮಂದಿಗೆ ಓದೇ ಇರುತ್ತಿರಲಿಲ್ಲ. ಆದರೆ ಆಸ್ಪತ್ರೆಯ ಶಾಲೆಯಲ್ಲಿ ದುಡಿದು ದಣಿದ ಮೇಲೆ ಉಪನ್ಯಾಸ ಕೇಳುತ್ತಿದ್ದವಳಿಗೂ ಇವಳಿಗೂ ಈ ಒಂದು ಅಂಶದಲ್ಲಿ ಹೆಚ್ಚು ಭೇದವಿಲ್ಲ. ಆಗ ಅನ್ನ ವಸತಿಗಳನ್ನಾದರೂ ಆಸ್ಪತ್ರೆ ಕೊಡುತ್ತಿತ್ತು.

೫

ನಮ್ಮ ದೇಶದಲ್ಲಿ ದಾದಿಯರಿಗೆ ಪದವಿ ಶಿಕ್ಷಣ ೧೯೪೬ರಲ್ಲಿ ದೆಹಲಿ ಮತ್ತು ವೆಲ್ಲೂರುಗಳಲ್ಲಿ ಮೊದಲಾಯಿತು. ೧೯೫೯ರಲ್ಲಿ ದೆಹಲಿಯಲ್ಲಿ ಸ್ನಾತಕೋತ್ತರ ಶಿಕ್ಷಣವೂ ಏರ್ಪಟ್ಟಿತು. ಅಂಚೆ ಶಿಕ್ಷಣವನ್ನು ದೆಹಲಿ ವಿಶ್ವವಿದ್ಯಾನಿಲಯ ೧೯೬೨ರಲ್ಲಿ, ಮೈಸೂರು ವಿಶ್ವವಿದ್ಯಾನಿಲಯ ೧೯೬೯ರಲ್ಲಿ ಪ್ರಾರಂಭಿಸಿದವು. ಮೈಸೂರಿನ ಆ ಬೀಜವೇ ೧೯೯೬ರಲ್ಲಿ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾನಿಲಯವಾಯಿತು. ಇಂದಿರಾಗಾಂಧಿ ರಾಷ್ಟ್ರೀಯ ಮುಕ್ತ ವಿಶ್ವವಿದ್ಯಾನಿಲಯ ೧೯೯೪ರಲ್ಲಿ ಸೇವಾನಿರತ ದಾದಿಯರಿಗಾಗಿ ಪದವಿಯ ವ್ಯಾಸಂಗವನ್ನು ಆರಂಭಿಸಿದಾಗ ಎರಡು ಧಾರೆಗಳು ಇಲ್ಲಿಯೂ ಸಂಧಿಸಿದವು. ಆದರೆ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗದ ೨೦೨೦ರ ನಿಯಮಾವಳಿ, ದೂರಕ್ರಮದಲ್ಲಾಗಲಿ ಆನ್‌ಲೈನ್ ಕ್ರಮದಲ್ಲಾಗಲಿ ಬೋಧಿಸಕೂಡದ ವಿಷಯಗಳ ಪಟ್ಟಿಯಲ್ಲಿ ಶುಶ್ರೂಷೆಯನ್ನು ಸೇರಿಸಿತು. ರೋಗಿಯ ಹಾಸಿಗೆಯ ವಾದವೇ ಇಲ್ಲಿ ಮತ್ತೆ ಕೇಳಿಬರುತ್ತದೆ. ಆ ವಾದಕ್ಕೆ ಹೈಡನ್ನಿನ ಪ್ರಯೋಗ ಕೊಟ್ಟ ಉತ್ತರವನ್ನು ನಮ್ಮವರೂ ವಿಚಾರಿಸಿ ನೋಡಬೇಕೆಂಬುದು ನಮ್ಮ ಅಭಿಪ್ರಾಯ.

ಹೊತ್ತಿನ ಪ್ರಶ್ನೆಯಲ್ಲಿ ನಮ್ಮಲ್ಲಿ ಒಂದು ಒಳ್ಳೆಯ ಪೂರ್ವನಿದರ್ಶನವಿದೆ. ಕೇಂದ್ರ ಸರ್ಕಾರದ ೧೯೭೨ರ ರಜಾ ನಿಯಮಗಳು ನೌಕರರಿಗೆ ಸಾಮಾನ್ಯವಾಗಿ ೨೪ ತಿಂಗಳವರೆಗೆ ಅಧ್ಯಯನ ರಜೆಯನ್ನು ಒಪ್ಪುತ್ತವೆ. ಖಾಸಗಿ ಆಸ್ಪತ್ರೆಗಳ ದಾದಿಯರಿಗೆ ಅಂಥ ಸಾಮಾನ್ಯ ನಿಯಮವಿಲ್ಲ. ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ ೧೯೭೪ರಲ್ಲಿ ಸಂಬಳ ಸಹಿತ ವಿದ್ಯಾಭ್ಯಾಸ ರಜೆಯನ್ನು ಕುರಿತು ಒಡಂಬಡಿಕೆಯನ್ನು ಅಂಗೀಕರಿಸಿತು. ದಾದಿಯರನ್ನೇ ಕುರಿತ ೧೯೭೭ರ ಒಡಂಬಡಿಕೆಯಲ್ಲಿಯೂ ಈ ರಜೆಯ ಪ್ರಸ್ತಾಪವಿದೆ. ಭಾರತವಾಗಲಿ ಅಮೆರಿಕವಾಗಲಿ ಇವೆರಡನ್ನೂ ಸ್ಥಿರೀಕರಿಸಿಲ್ಲ.

ಮೇಲಿನ ಪರಿಶೀಲನೆಯಿಂದ ಹೊರಡುವ ತಾತ್ಪರ್ಯ ಇಷ್ಟು. ಅಂಚೆ, ಗಣಕಯಂತ್ರ ಇವೆಲ್ಲ ಪಾಠವನ್ನು ಮನೆಯ ಬಾಗಿಲಿಗೆ ತಂದವು. ಓದುವವಳ ದಿನಕ್ಕೆ ಒಂದು ಗಂಟೆಯನ್ನೂ ಕೂಡಿಸಲಿಲ್ಲ. ಆ ಗಂಟೆಯನ್ನು ಆಸ್ಪತ್ರೆ ಕೊಡಬೇಕು, ಕಾನೂನು ಕೊಡಬೇಕು, ಇಲ್ಲವೇ ಮನೆ ಕೊಡಬೇಕು. ಮೊದಲೆರಡೂ ಹಿಂಜರಿದಾಗ ಕೊಡುವುದು ಮನೆಯೇ. ಮನೆಗೂ ಸಾಲದಾದಾಗ ದಾದಿಯ ನಿದ್ರೆ. ಹೀಗಿರುವಾಗ ನಡುವೆ ಓದನ್ನು ಬಿಟ್ಟವಳ ಹೆಸರಿನ ಮುಂದೆ ಅನುತ್ತೀರ್ಣಳೆಂದು ಬರೆಯುವ ಮುನ್ನ, ಆಕೆಗೆ ಓದಲು ಎಷ್ಟು ಗಂಟೆಗಳನ್ನು ಯಾರು ಕೊಟ್ಟಿದ್ದರೆಂಬುದನ್ನು ನಮ್ಮ ವಿದ್ಯಾಸಂಸ್ಥೆಗಳು ವಿಚಾರಿಸುವುದು ನ್ಯಾಯ.