ಹಗರಿ ದಂಡೆಯ ಬುತ್ತಿ

ಮೋಕಾ ಅಂದ ಕೂಡಲೇ ಕಾಫಿ ನೆನಪಾಗುವ ಗೆಳೆಯರೇ ಹೆಚ್ಚು! ನಾನು ಹೇಳ್ತಿರೋದು ಬಳ್ಳಾರಿ ತಾಲ್ಲೂಕಿನ ಮೋಕಾ. ಪಕ್ಕದಲ್ಲೇ ಹೊಳೆ. ಪುಸ್ತಕದಲ್ಲಿ ಅದರ ಹೆಸರು ವೇದಾವತಿ, ನಮ್ಮ ಬಾಯಲ್ಲಿ ಹಗರಿ. ಮುಂದೆ ಸಿರುಗುಪ್ಪದ ಕಡೆ ಹೋಗಿ ತುಂಗಭದ್ರೆ ಸೇರುತ್ತೆ. ವರ್ಷದ ಬಹುಪಾಲು ನೀರಿಗಿಂತ ಮರಳೇ ಜಾಸ್ತಿ. 1904ರ ಬಳ್ಳಾರಿ ಗೆಜೆಟಿಯರ್‌ನಲ್ಲಿ ಡಬ್ಲ್ಯು. ಫ್ರಾನ್ಸಿಸ್, ಈ ಮರಳು ಗಾಳಿಗೆ ಹಾರಿ ಹೊಲಗಳನ್ನು ನುಂಗುತ್ತಿದ್ದುದನ್ನು ದಾಖಲಿಸಿದ್ದಾನೆ.

ಈಗ ಭಾನುವಾರ ಬಂತೆಂದರೆ ಎಲ್ಲರೂ "ಪಿಕ್ನಿಕ್" ಅಂತಾರಲ್ಲ, ನಮ್ಮ ಸೀಮೆಯಲ್ಲಿ ಬಯಲಲ್ಲಿ ಕೂತು ಉಣ್ಣುವುದು ಹೊಸದೇ? ಬಳ್ಳಾರಿ ಪಕ್ಕದ ಸಂಗನಕಲ್ಲಿನ ಗುಡ್ಡದಲ್ಲಿ ನಾಲ್ಕು ಸಾವಿರ ವರ್ಷಗಳ ಹಿಂದೆ ಇದ್ದವರು ಹುರುಳಿ, ಹೆಸರು, ಕೊರಲೆ ಉಣ್ಣುತ್ತಿದ್ದರು ಅಂತ ಉತ್ಖನನದಲ್ಲಿ ಸಿಕ್ಕ ಸುಟ್ಟ ಕಾಳುಗಳು ಹೇಳುತ್ತವೆ. ಸಿರುಗುಪ್ಪ ತಾಲ್ಲೂಕಿನ ತೆಕ್ಕಲಕೋಟೆಯಲ್ಲೂ 1963-64ರಲ್ಲಿ ಅಗೆದಾಗ ಅದೇ ಕಾಲದ ಊರು ಸಿಕ್ಕಿತು. ಭತ್ತ ಇಲ್ಲಿನ ಹಳೇ ನೆಂಟ ಅಲ್ಲ, ನೋಡಿ.

ನಮ್ಮ ನಿಜವಾದ ಪಿಕ್ನಿಕ್ ಅಂದರೆ ಎಳ್ಳಮವಾಸಿಯ ಚರಗ. ಎರಿ ಹೊಲದಲ್ಲಿ ಹಿಂಗಾರಿ ಜೋಳ ಎದೆಯುದ್ದ ನಿಂತಿರುತ್ತೆ. ಸಜ್ಜೆ ರೊಟ್ಟಿ, ಎಣ್ಣೆಗಾಯಿ, ಪುಂಡಿಪಲ್ಯ, ಶೇಂಗಾ ಚಟ್ನಿ, ಕಡುಬು ಕಟ್ಟಿಕೊಂಡು ಮನೆಮಂದಿಯೆಲ್ಲ ಬಂಡಿ ಹತ್ತೋದು. ಭೂಮ್ತಾಯಿಗೆ ಪೂಜೆ, ಬೆಳೆಯ ಸುತ್ತ ಚರಗ ಚೆಲ್ಲೋದು, ಆಮೇಲೆ ಸಾಲಾಗಿ ಕೂತು ಊಟ. ಹೊಲಕ್ಕೆ ಮೊದಲ ತುತ್ತು, ನಮಗೆ ಆಮೇಲೆ!

ಇದನ್ನು ಬದಲಿಸಿದ್ದು ಕಾಲುವೆ. 1945ರಲ್ಲಿ ಅಡಿಗಲ್ಲು ಬಿದ್ದ ತುಂಗಭದ್ರಾ ಅಣೆಕಟ್ಟೆಯಿಂದ 1953ರಲ್ಲಿ ನೀರು ಹರಿಯಿತು. ಅದೇ ವರ್ಷ ಅಕ್ಟೋಬರ್ 1ಕ್ಕೆ ಬಳ್ಳಾರಿ ಮದ್ರಾಸು ಬಿಟ್ಟು ಮೈಸೂರಿಗೆ ಸೇರಿತು. ಲೆಕ್ಕದ ಪ್ರಕಾರ ನೀರು ಹೆಚ್ಚಾಗಿ ಜೋಳ, ಹತ್ತಿ, ಶೇಂಗಾದಂಥ ಬೆಳೆಗೆ. ಆದರೆ ಆಂಧ್ರದ ಕರಾವಳಿಯಿಂದ ಬಂದ ರೈತರು ಭತ್ತ ಹಾಕಿದರು, ಅವರ ಕ್ಯಾಂಪುಗಳು ಊರುಗಳಾದವು. ಅವರನ್ನು ನೋಡಿ ನಮ್ಮವರೂ ಹಾಕಿದರು. ಮೇಲಿನವರ ಗದ್ದೆ ತುಂಬಿತು, ಕೊನೇ ಭಾಗದವರು ಇಂದಿಗೂ ನೀರಿಗಾಗಿ ಕಾಯುತ್ತಾರೆ.

ಗದ್ದೆ ಬಂದ ಕಡೆ ಚರಗದ ಲೆಕ್ಕ ತಪ್ಪಿತು. ಎಳ್ಳಮವಾಸಿ ಹೊತ್ತಿಗೆ ಒಂದು ಬೆಳೆ ಕೊಯ್ದು ಇನ್ನೊಂದಕ್ಕೆ ಸಸಿ ಮಡಿ ಮಾಡುವ ಗಡಿಬಿಡಿ. ಕೆಸರಲ್ಲಿ ಎಲ್ಲಿ ಕೂರೋದು? ಬುತ್ತಿ ಗಂಟು ಹೊಲದಿಂದ ರಸ್ತೆಬದಿಗೆ ಬಂತು. ಅಲ್ಲಿ ಕಾಯ್ದ ಎಣ್ಣೆ, ಮಿರ್ಚಿ, ಒಗ್ಗರಣೆ ಮಂಡಕ್ಕಿ. ಬಾಯಿ ಉರಿಯುತ್ತೆ, ಕೈ ಮಾತ್ರ ನಿಲ್ಲಲ್ಲ! ಮಂಡಕ್ಕಿಯೂ ಭತ್ತದ ಮಗಳೇ ತಾನೇ?

ಹಾಗಂತ ಕಾಲುವೆಯನ್ನು ಬೈಯಲಾರೆ. ಬರದ ಸೀಮೆಗೆ ಅನ್ನ ಕೊಟ್ಟಿದ್ದು ಅದೇ. 1876-78ರ ಬರದಲ್ಲಿ ಬಳ್ಳಾರಿ ಜಿಲ್ಲೆ ಎಷ್ಟು ಜನರನ್ನು ಕಳೆದುಕೊಂಡಿತು ಅಂತ ಓದಿದವರು ಚರಗ ಹೋಯಿತೆಂದು ಸುಮ್ಮನೆ ಗೊಣಗಲಾರರು. 2022ರ ಕೊನೆಗೆ ಬೈರದೇವನಹಳ್ಳಿ ಹತ್ತಿರ ಹಗರಿಯ ಮೇಲೆ ಕಾಲುವೆ ಹೊತ್ತ ಸೇತುವೆಯ ಪಿಲ್ಲರ್ ಕುಸಿದು ನೀರು ನಿಂತಾಗ, ನಿಂತ ಬೆಳೆಯ ಎದುರು ರೈತರ ಜೀವ ಹೇಗೆ ಒದ್ದಾಡಿತು ಅನ್ನೋದು ಎಲ್ಲರಿಗೂ ಗೊತ್ತು.

ನನ್ನ ಆಸೆ ಇಷ್ಟೇ. ಹೊಳೆಯ ಮರಳು ಲಾರಿ ಹತ್ತದೆ ಅಲ್ಲೇ ಉಳಿಯಲಿ, ಎರಿ ಹೊಲದ ಒಂದು ಮೂಲೆಯಲ್ಲಾದರೂ ಜೋಳ ನಿಲ್ಲಲಿ. ಬುತ್ತಿ ಬಿಚ್ಚೋಕೆ ಜಾಗ ಬೇಕಲ್ಲ! ನಿಮ್ಮ ಕಡೆ ಚರಗ ಇನ್ನೂ ಇದೆಯಾ? ಬುತ್ತಿಯಲ್ಲಿ ಏನೇನಿರುತ್ತೆ?